ಅಪ್ಪನ ಕಡೆಯ ಕ್ಯಾನ್ಸರ್ ನಮಗೂ ಬರುತ್ತದಾ?

ಪ್ರಶ್ನೆ: ನನಗೆ 38 ವರ್ಷ, ಕಾಪು ಹತ್ತಿರದವಳು. ಎಡ ಸ್ತನದಲ್ಲಿ ಮೂರು ಸೆಂಟಿಮೀಟರ್ ಗಂಟು. ಬಯಾಪ್ಸಿಯಲ್ಲಿ ಟ್ರಿಪಲ್ ನೆಗೆಟಿವ್ (ಎರಡು ಹಾರ್ಮೋನ್ ಗುರುತುಗಳೂ ಹರ್2 ಎಂಬ ಪ್ರೋಟೀನಿನ ಗುರುತೂ ಇಲ್ಲದ) ಕ್ಯಾನ್ಸರ್ ಎಂದು ಬಂದಿದೆ. ಮೊದಲು ಕೀಮೋ, ಆಮೇಲೆ ಆಪರೇಷನ್ ಎಂದಿದ್ದಾರೆ. ಜೊತೆಗೆ ಜೀನ್ ಟೆಸ್ಟ್ ಮಾಡಿಸಿ ಎನ್ನುತ್ತಾರೆ. ಅಮ್ಮನ ಕಡೆ ಯಾರಿಗೂ ಈ ಕಾಯಿಲೆ ಇಲ್ಲ. ಅಪ್ಪನ ತಂಗಿ ಮುಂಬೈಯಲ್ಲಿ 45ರ ಸುಮಾರಿಗೆ ಹೊಟ್ಟೆಯ ಕ್ಯಾನ್ಸರ್ ಆಗಿ ತೀರಿಕೊಂಡರು. ನಾವು ಅಳಿಯಕಟ್ಟಿನವರು, ವಂಶ ಎಣಿಸುವುದು ಅಮ್ಮನ ಕಡೆಯಿಂದ. ಅಪ್ಪನ ಬಳಿಯೇ (ಕುಲವೇ) ಬೇರೆ. ಅಲ್ಲಿಯದು ನಮಗೆ ಬರುವುದಿಲ್ಲ ಅಲ್ವಾ? ಟೆಸ್ಟ್ ಅಂತ ಕಾದರೆ ಚಿಕಿತ್ಸೆ ತಡವಾಗುವುದಿಲ್ಲವೇ? ತಂಗಿಗೆ 27, ಗಂಡು ನೋಡುತ್ತಿದ್ದೇವೆ. ರಿಪೋರ್ಟ್ ನಾಲ್ಕು ಜನರಿಗೆ ಗೊತ್ತಾದರೆ ಏನು ಗತಿ ಎಂದು ಮನೆಯಲ್ಲಿ ಹೆದರಿಕೆ.

ಉತ್ತರ: ಮೊದಲು ಬಳಿಯ ವಿಷಯ ಮುಗಿಸಿಬಿಡೋಣ. ಬಳಿ ಅಮ್ಮನಿಂದ ಬರುತ್ತದೆ, ಆಸ್ತಿಯೂ ಹಾಗೆ ಬಂದಿರಬಹುದು. ಜೀನ್‌ಗೆ ಅಳಿಯಕಟ್ಟು ಗೊತ್ತಿಲ್ಲ. ಅರ್ಧ ಅಮ್ಮನದು, ಅರ್ಧ ಅಪ್ಪನದು. ಬಿಆರ್‌ಸಿಎ1 ಮತ್ತು ಬಿಆರ್‌ಸಿಎ2 ಎಂಬ ಜೀನ್‌ಗಳ ಕೆಲಸ ಜೀವಕೋಶದೊಳಗಿನ ಡಿಎನ್‌ಎ ಹಾಳಾದಾಗ ರಿಪೇರಿ ಮಾಡುವುದು. ಅವುಗಳಲ್ಲೇ ದೋಷವಿದ್ದರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಸಾಧ್ಯತೆ ಹೆಚ್ಚುತ್ತದೆ; ನಿಮಗೆ ಹೇಳಿದ ಟೆಸ್ಟ್ ಹುಡುಕುವುದು ಇದನ್ನೇ. ಇವುಗಳಲ್ಲೊಂದರ ದೋಷ ನಿಮ್ಮ ಅಪ್ಪನಲ್ಲಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ 50. ಅಪ್ಪ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದರೂ ಅಷ್ಟೇ.

ನಮ್ಮೂರಲ್ಲಿ ಇದೊಂದು ದೊಡ್ಡ ತೊಡಕು. ಕುಟುಂಬದ ಚರಿತ್ರೆ ಕೇಳುವಾಗ ನಾವು ಹಾಳೆಯ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಹಾಕುತ್ತೇವೆ. ಕ್ಯಾನ್ಸರ್ ಆದವರಿಗೆ ಶಾಯಿ ತುಂಬುತ್ತೇವೆ, ತೀರಿಕೊಂಡವರ ಮೇಲೆ ಓರೆ ಗೆರೆ. ಅಮ್ಮನ ಕಡೆ ದೊಡ್ಡಮ್ಮ, ಚಿಕ್ಕಮ್ಮ, ಮಾವಂದಿರು, ಅಜ್ಜಿಯ ಅಕ್ಕತಂಗಿಯರು ಎಂದು ಹಾಳೆ ತುಂಬಿಹೋಗುತ್ತದೆ. ತರವಾಡು ಮನೆಯ (ಕುಟುಂಬದ ಮೂಲ ಮನೆಯ) ಕಾರ್ಯಕ್ಕೆ ಎಲ್ಲರೂ ಸೇರುತ್ತಾರಲ್ಲ, ಯಾರಿಗೆ ಏನಾಯಿತು ಎಂದು ಗೊತ್ತಿರುತ್ತದೆ. ಅಪ್ಪನ ಕಡೆ ಕೇಳಿದರೆ ಎರಡು ಮೂರು ವೃತ್ತ ಬಿದ್ದು ಪೆನ್ನು ನಿಲ್ಲುತ್ತದೆ. ‘ಅವರೆಲ್ಲ ಬೊಂಬಾಯಿಯಲ್ಲಿ ಡಾಕ್ಟ್ರೇ.’

ನಿಮ್ಮ ಅತ್ತೆಯ ‘ಹೊಟ್ಟೆಯ ಕ್ಯಾನ್ಸರ್’ ಯಾವುದು ಎಂದು ವಿಚಾರಿಸಿ. ಅಂಡಾಶಯದ ಕ್ಯಾನ್ಸರ್‌ನಲ್ಲಿ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಹಾಗಾಗಿ ಮನೆಯವರ ಬಾಯಲ್ಲಿ ಅದು ಹೊಟ್ಟೆಯ ಕ್ಯಾನ್ಸರ್ ಆಗಿಯೇ ಉಳಿದಿರುತ್ತದೆ. ಅವರ ಮಕ್ಕಳ ಬಳಿ ಹಳೆಯ ಡಿಸ್ಚಾರ್ಜ್ ಕಾಗದ ಇದ್ದರೆ ಫೋಟೊ ತರಿಸಿಕೊಳ್ಳಿ. ಅದು ಸಿಗದಿದ್ದರೂ ಚಿಂತೆಯಿಲ್ಲ. 50 ದಾಟದ ವಯಸ್ಸು ಒಂದು ಕಾರಣ, ಟ್ರಿಪಲ್ ನೆಗೆಟಿವ್ ಇನ್ನೊಂದು. ಟೆಸ್ಟ್ ಮಾಡಿಸಲು ಇವೆರಡರಲ್ಲಿ ಒಂದಿದ್ದರೂ ಸಾಕು.

ತಡ? ಆಗುವುದಿಲ್ಲ. ನೇರಳೆ ಮುಚ್ಚಳದ ಸಣ್ಣ ಟ್ಯೂಬ್‌ನಲ್ಲಿ ಒಂದಿಷ್ಟು ರಕ್ತ ಕೊಟ್ಟರೆ ನಿಮ್ಮ ಕೆಲಸ ಮುಗಿಯಿತು. ರಿಪೋರ್ಟ್‌ಗೆ ಸಾಮಾನ್ಯವಾಗಿ ಮೂರು ನಾಲ್ಕು ವಾರ. ಕೀಮೋ ಐದಾರು ತಿಂಗಳು ನಡೆಯುತ್ತದೆ. ರಕ್ತ ಈಗಲೇ ಕೊಡಿ, ಕೀಮೋ ಶುರುಮಾಡಿ. ಆಪರೇಷನ್ ಹೊತ್ತಿಗೆ ರಿಪೋರ್ಟ್ ಕೈಯಲ್ಲಿರುತ್ತದೆ, ಯೋಚನೆ ಮಾಡಲು ಸಮಯವೂ ಇರುತ್ತದೆ. ರಿಪೋರ್ಟ್ ಬರಲಿ, ಆಮೇಲೆ ಕೀಮೋ ನೋಡೋಣ ಎಂದು ಮಾತ್ರ ಕೂರಬೇಡಿ.

ದೋಷ ಸಿಕ್ಕಿತು ಎಂದಿಟ್ಟುಕೊಳ್ಳಿ. ಆಗ ಏನು ಬದಲಾಗುತ್ತದೆ?

ಒಂದು, ಆಪರೇಷನ್. 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಒಂದು ಸ್ತನದಲ್ಲಿ ಕ್ಯಾನ್ಸರ್ ಆದ ಬಳಿಕ 20 ವರ್ಷಗಳಲ್ಲಿ ಇನ್ನೊಂದರಲ್ಲೂ ಆಗುವ ಸಾಧ್ಯತೆ ಬಿಆರ್‌ಸಿಎ1 ದೋಷ ಇದ್ದವರಲ್ಲಿ ಸುಮಾರು ಶೇ 40, ಬಿಆರ್‌ಸಿಎ2 ದೋಷ ಇದ್ದವರಲ್ಲಿ ಶೇ 26 ಎಂದು ಕಂಡಿತು. ಹಾಗಾಗಿ ಕೆಲವರು ಎರಡನ್ನೂ ತೆಗೆಸುತ್ತಾರೆ. ಆದರೆ ಗಂಟು ಮಾತ್ರ ತೆಗೆಸಿ, ರೇಡಿಯೇಷನ್ ತೆಗೆದುಕೊಂಡು, ವರ್ಷಕ್ಕೊಮ್ಮೆ ಎಂಆರ್‌ಐ ಮತ್ತು ಮ್ಯಾಮೋಗ್ರಾಂ ಮಾಡಿಸಿಕೊಂಡು ಇರುವುದೂ ಸರಿಯಾದ ದಾರಿಯೇ. ಎರಡೂ ತೆಗೆಸಿದರೆ ಹೊಸ ಕ್ಯಾನ್ಸರ್ ಬರುವ ಭಯ ಬಹಳ ಕಡಿಮೆಯಾಗುತ್ತದೆ, ನಿಜ. ಈಗಿರುವ ಕ್ಯಾನ್ಸರ್ ಬೇರೆ ಕಡೆ ಹರಡುವುದನ್ನು ಅದು ತಡೆಯುವುದಿಲ್ಲ. ಆ ಕೆಲಸ ಔಷಧಿಯದು. ಇವೆರಡನ್ನು ಕಲಸಿಕೊಂಡು ‘ಎಲ್ಲ ತೆಗೆದುಬಿಡಿ’ ಎಂದು ಮೊದಲ ದಿನವೇ ಹೇಳುವವರು ಜಾಸ್ತಿ. ಹಾಗೆ ಹೇಳುವವರು ಹೆಚ್ಚಾಗಿ ಗಂಡನೋ ಅಣ್ಣನೋ ಆಗಿರುತ್ತಾರೆ, ರೋಗಿ ಸುಮ್ನೆ ಕೂತಿರುತ್ತಾಳೆ. ನೀವು ಮಾತಾಡಿ.

ಎರಡು, ಔಷಧಿ. ಕೀಮೋ ಮುಗಿದ ಮೇಲೂ ಆಪರೇಷನ್ ಸ್ಯಾಂಪಲ್‌ನಲ್ಲಿ ಕ್ಯಾನ್ಸರ್ ಉಳಿದಿದ್ದರೆ, ಬಿಆರ್‌ಸಿಎ ದೋಷ ಇರುವವರಿಗೆ ಒಲಾಪರಿಬ್ ಎಂಬ ಮಾತ್ರೆಯನ್ನು ಒಂದು ವರ್ಷ ಕೊಡುವ ದಾರಿಯಿದೆ. ಕಾಯಿಲೆ ಮರಳುವುದು ಇದರಿಂದ ಕಡಿಮೆಯಾಗುತ್ತದೆ ಎಂದು 2021ರಲ್ಲಿ ಪ್ರಕಟವಾದ ಒಲಿಂಪಿಯಾ ಟ್ರಯಲ್ ತೋರಿಸಿತು. ಟೆಸ್ಟ್ ಮಾಡಿಸದವರಿಗೆ ಈ ಬಾಗಿಲೇ ತೆರೆಯುವುದಿಲ್ಲ.

ಮೂರು, ಅಂಡಾಶಯ. ಅಲ್ಲಿನ ಕ್ಯಾನ್ಸರನ್ನು ಬೇಗ ಹಿಡಿಯುವ ಭರವಸೆಯ ತಪಾಸಣೆ ಇಲ್ಲ. ಅದಕ್ಕೇ ಬಿಆರ್‌ಸಿಎ1 ಆದರೆ 35ರಿಂದ 40, ಬಿಆರ್‌ಸಿಎ2 ಆದರೆ 40ರಿಂದ 45ರೊಳಗೆ, ಮಕ್ಕಳು ಸಾಕು ಎನಿಸಿದ ಮೇಲೆ, ಅಂಡಾಶಯ ಮತ್ತು ಅಂಡನಾಳ ತೆಗೆಸಲು ಸಲಹೆ ಕೊಡುತ್ತೇವೆ. ಮಕ್ಕಳು ಬೇಕು ಎಂದಿದ್ದರೆ ಅದನ್ನು ಕೀಮೋ ಶುರುವಾಗುವ ಮೊದಲೇ ಡಾಕ್ಟರಿಗೆ ಹೇಳಿ. ಅಂಡಾಣು ತೆಗೆದಿಡುವುದಿದ್ದರೆ ಆಗಲೇ ಮಾಡಬೇಕು.

ರಿಪೋರ್ಟ್‌ನಲ್ಲಿ ‘ವಿಯುಎಸ್’ ಎಂದು ಬಂದರೆ ಗಾಬರಿ ಬೇಡ. ಜೀನ್‌ನಲ್ಲಿ ಒಂದು ಬದಲಾವಣೆ ಕಂಡಿದೆ, ಅದು ಕೆಟ್ಟದ್ದೋ ನಿರುಪದ್ರವಿಯೋ ಇನ್ನೂ ತೀರ್ಮಾನವಾಗಿಲ್ಲ ಎಂದಷ್ಟೇ ಅದರ ಅರ್ಥ. ಭಾರತೀಯರ ಜೀನ್ ಮಾಹಿತಿ ಇನ್ನೂ ಸಾಕಷ್ಟು ಸೇರಿಲ್ಲವಾದ್ದರಿಂದ ನಮ್ಮಲ್ಲಿ ಇದು ಹೆಚ್ಚು. ಇವುಗಳಲ್ಲಿ ಹೆಚ್ಚಿನವು ಮುಂದೆ ನಿರುಪದ್ರವಿ ಎಂದೇ ತಿಳಿಯುತ್ತವೆ. ವಿಯುಎಸ್ ನೋಡಿ ಯಾರೂ ಸ್ತನವನ್ನಾಗಲಿ ಅಂಡಾಶಯವನ್ನಾಗಲಿ ತೆಗೆಸಬಾರದು.

ಇನ್ನು ತಂಗಿ. ಮೊದಲು ಟೆಸ್ಟ್ ಆಗಬೇಕಾದ್ದು ನಿಮಗೆ, ಆಕೆಗಲ್ಲ. ನಿಮ್ಮಲ್ಲಿ ದೋಷ ಸಿಕ್ಕರೆ ಆಕೆಯ ರಕ್ತದಲ್ಲಿ ಅದೊಂದನ್ನೇ ಹುಡುಕಿದರೆ ಸಾಕು, ಖರ್ಚೂ ಕಡಿಮೆ. ಆಕೆಗೆ ಅದು ಬಂದಿಲ್ಲವಾದರೆ ನಿರಾಳ. ಬಂದಿದ್ದರೆ ಈಗಿನಿಂದಲೇ ವರ್ಷಕ್ಕೊಮ್ಮೆ ಎಂಆರ್‌ಐ, 30ರಿಂದ ಮ್ಯಾಮೋಗ್ರಾಂ ಕೂಡ. ಮದುವೆ, ಹೆರಿಗೆ, ಎದೆಹಾಲು ಯಾವುದಕ್ಕೂ ಅಡ್ಡಿಯಿಲ್ಲ. ರಿಪೋರ್ಟ್ ನಿಮ್ಮದು, ನಿಮ್ಮ ಒಪ್ಪಿಗೆಯಿಲ್ಲದೆ ಆಸ್ಪತ್ರೆಯವರು ಯಾರಿಗೂ ಹೇಳುವಂತಿಲ್ಲ. ಊರಿಗೆ ಹೇಳಬೇಡಿ, ಯಾರೂ ತಪ್ಪು ಹೇಳುವುದಿಲ್ಲ. ತಂಗಿಗೆ ಹೇಳದಿರುವುದು ಮಾತ್ರ ನನ್ನ ಪ್ರಕಾರ ಅನ್ಯಾಯ. ಟೆಸ್ಟ್ ಮಾಡಿಸುವುದು ಬಿಡುವುದು ಆಕೆಯ ಇಷ್ಟ. ಬಿಆರ್‌ಸಿಎ2 ಎಂದು ಬಂದರೆ ಅಪ್ಪನೂ, ಅಣ್ಣತಮ್ಮಂದಿರಿದ್ದರೆ ಅವರೂ ಡಾಕ್ಟರನ್ನು ಕಾಣಲಿ. ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಸಾಧ್ಯತೆ ಇದರಿಂದ ಹೆಚ್ಚುತ್ತದೆ.

ರಿಪೋರ್ಟ್ ಬಂದ ಮೇಲೆ ಗೂಗಲ್ ಮಾಡುತ್ತ ಕೂರುವ ಬದಲು ಜೆನೆಟಿಕ್ ಕೌನ್ಸೆಲಿಂಗ್ ಕೇಳಿ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಮೆಡಿಕಲ್ ಜೆನೆಟಿಕ್ಸ್ ವಿಭಾಗವಿದೆ, ಕಾಪುವಿನಿಂದ ದೂರವೇನಲ್ಲ.

ಪ್ರಶ್ನೆ: ಮಂಗಳೂರಿನಲ್ಲಿರುವ ಅಮ್ಮನಿಗೆ 61. ಸ್ತನದಿಂದ 1.8 ಸೆಂಟಿಮೀಟರ್ ಕ್ಯಾನ್ಸರ್ ಗಂಟು ತೆಗೆದಿದ್ದಾರೆ. ಹಾರ್ಮೋನ್ ಪಾಸಿಟಿವ್, ಹರ್2 ನೆಗೆಟಿವ್, ಕಂಕುಳಿನ ಗ್ರಂಥಿಗಳಲ್ಲಿ ಏನೂ ಇಲ್ಲ. ಕೀಮೋ ಬೇಕಾ ಎಂದು ತಿಳಿಯಲು ಲಕ್ಷಗಟ್ಟಲೆ ಖರ್ಚಿನ ಜೀನ್ ಟೆಸ್ಟ್ ಹೇಳಿದ್ದಾರೆ. ನಾವು ಮಕ್ಕಳೂ ಮಾಡಿಸಬೇಕಾ?

ಉತ್ತರ: ಬೇಡ. ಇದು ಮೇಲೆ ಹೇಳಿದ ಟೆಸ್ಟ್ ಅಲ್ಲ. ಇದಕ್ಕೆ ಬೇಕಾದ್ದು ರಕ್ತವಲ್ಲ, ತೆಗೆದ ಗಂಟಿನ ತುಂಡು. ಪೆಥಾಲಜಿಯವರು ಅದನ್ನು ಮೇಣದ ಬ್ಲಾಕ್ ಮಾಡಿ ಇಟ್ಟಿರುತ್ತಾರೆ. ಆಂಕೋಟೈಪ್ ಡಿಎಕ್ಸ್ ಎಂಬ ಟೆಸ್ಟ್ ಗಂಟಿನ 21 ಜೀನ್‌ಗಳನ್ನು ನೋಡಿ ಸೊನ್ನೆಯಿಂದ 100ರೊಳಗೆ ಒಂದು ಅಂಕ ಕೊಡುತ್ತದೆ. ಮಕ್ಕಳಿಗೆ ಬರುವ ಬಾರದಿರುವ ವಿಷಯ ಅದರಲ್ಲಿಲ್ಲ.

2018ರ ಟೇಲರ್‌ಎಕ್ಸ್ ಟ್ರಯಲ್ ಪ್ರಕಾರ, ನಿಮ್ಮ ಅಮ್ಮನಂತೆ 50 ದಾಟಿದ, ಗ್ರಂಥಿಗೆ ಹರಡದ ಹೆಂಗಸರಲ್ಲಿ ಅಂಕ 25 ಅಥವಾ ಕಡಿಮೆ ಬಂದರೆ ಹಾರ್ಮೋನ್ ಮಾತ್ರೆಯೇ ಸಾಕು, ಕೀಮೋದಿಂದ ಹೆಚ್ಚಿನ ಲಾಭವಿಲ್ಲ. 26 ಅಥವಾ ಹೆಚ್ಚು ಬಂದರೆ ಕೀಮೋ ಉಪಯೋಗ.

ಆದರೆ ದುಡ್ಡು ಕಟ್ಟುವ ಮೊದಲು ಡಾಕ್ಟರಿಗೆ ಒಂದು ಮಾತು ಕೇಳಿ: ಅಂಕ ಜಾಸ್ತಿ ಬಂದರೆ ನೀವು ನಿಜವಾಗಿ ಅಮ್ಮನಿಗೆ ಕೀಮೋ ಕೊಡುತ್ತೀರಾ? ಹೃದಯದ ತೊಂದರೆಯಿಂದಲೋ ಬೇರೆ ಕಾರಣದಿಂದಲೋ ಕೀಮೋ ಆಗುವುದೇ ಇಲ್ಲ, ಅಥವಾ ಅಮ್ಮನೇ ಏನು ಬಂದರೂ ಬೇಡ ಎಂದು ಹಟ ಹಿಡಿದಿದ್ದಾರೆ ಎಂದಾದರೆ ಆ ದುಡ್ಡು ಬ್ಯಾಂಕಿನಲ್ಲೇ ಇರಲಿ. ಪೆಥಾಲಜಿ ರಿಪೋರ್ಟ್‌ನ ಗ್ರೇಡ್ (ಕ್ಯಾನ್ಸರ್ ಕೋಶಗಳು ಎಷ್ಟು ಕೆಟ್ಟಂತೆ ಕಾಣುತ್ತವೆ) ಮತ್ತು ಕೆಐ-67 (ಅವು ಎಷ್ಟು ಬೇಗ ಬೆಳೆಯುತ್ತಿವೆ) ನೋಡಿಯೂ ಬಹಳಷ್ಟು ಸಲ ನಿರ್ಧಾರ ಸಾಧ್ಯ. ಬೆಂಗಳೂರಿನಲ್ಲೇ ತಯಾರಾದ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಎಂಬ ಟೆಸ್ಟ್ ಕೂಡ ಇದೆ, ಅದರ ಬಗ್ಗೆಯೂ ವಿಚಾರಿಸಿ.