ಇಂಗ್ಲಿಷಿನಲ್ಲಿ ಒಪ್ಪುವುದು, ಒಪ್ಪದಿರುವುದು

ಕಚೇರಿಯ ಸಭೆಗಳಲ್ಲಿ ಒಪ್ಪಲಾಗದ ಮಾತು ಬಂದಾಗ, ಅದನ್ನು ಇಂಗ್ಲಿಷಿನಲ್ಲಿ ಯಾರಿಗೂ ನೋವಾಗದಂತೆ ಹೇಳುವ ಬಗೆ ತಿಳಿಯದೆ ಸುಮ್ಮನಿದ್ದುಬಿಡುತ್ತೇನೆ ಎಂದು ಬರೆದಿದ್ದೀರಿ. ಹದಿನಾರು ವರ್ಷಗಳ ಹಿಂದೆ ಹೊಸದಾಗಿ ಕೆಲಸಕ್ಕೆ ಬಂದಾಗ ನಾನೂ ಹಾಗೆಯೇ ಕುಳಿತಿರುತ್ತಿದ್ದೆನಾದ್ದರಿಂದ ನಿಮ್ಮ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಮೊದಲು ‘ಯೆಸ್’ ಎಂಬ ಪದದ ಬಗ್ಗೆ ಎಚ್ಚರವಿರಲಿ. ಕನ್ನಡದಲ್ಲಿ ಹೂಂಗುಟ್ಟುವ ಅಭ್ಯಾಸದಿಂದ ನಾನು ಪ್ರತಿ ವಾಕ್ಯಕ್ಕೂ ‘ಯೆಸ್, ಯೆಸ್’ ಎನ್ನುತ್ತಿದ್ದೆ. ಮೇಲಧಿಕಾರಿಗಳು ಒಂದು ಕೆಲಸದ ಗಡುವನ್ನು ವಿವರಿಸುವಾಗಲೂ ಹಾಗೆಯೇ ಅಂದೆ; ಅವರು ಅದನ್ನು ಒಪ್ಪಿಗೆಯೆಂದೇ ಭಾವಿಸಿದ್ದರಿಂದ, ಅಷ್ಟರೊಳಗೆ ಆಗದೆಂದು ಮರುವಾರ ತಿಳಿಸಿದಾಗ ಕೊಟ್ಟ ಮಾತಿಗೆ ತಪ್ಪಿದವನಾದೆ. ಕೇಳಿಸಿಕೊಳ್ಳುತ್ತಿದ್ದೇನೆ ಎಂದು ತೋರಿಸಲು ‘ಐ ಸೀ’ ಸಾಕು. ನಕಾರದ ಪ್ರಶ್ನೆಗಳಲ್ಲಿಯೂ ಇದೇ ತೊಡಕು: ‘ಯು ಡೋಂಟ್ ಅಗ್ರೀ?’ ಎಂದರೆ ನಾವು ‘ಹೌದು, ಒಪ್ಪುವುದಿಲ್ಲ’ ಎನ್ನುವ ರೂಢಿಯಲ್ಲಿ ‘ಯೆಸ್’ ಎಂದುಬಿಡುತ್ತೇವೆ, ಆದರೆ ಅಲ್ಲಿ ಹೇಳಬೇಕಾದದ್ದು ‘ನೋ, ಐ ಡೋಂಟ್’. ‘ಡು ಯು ಮೈಂಡ್’, ಅಂದರೆ ‘ನಿಮಗೆ ಅಭ್ಯಂತರವೇ’ ಎಂದು ಅನುಮತಿ ಕೇಳಿದವರಿಗೆ ಒಪ್ಪಿಗೆ ಕೊಡುವ ಉತ್ತರ ‘ನಾಟ್ ಅಟ್ ಆಲ್’.

ಒಪ್ಪುವುದು ಸುಲಭ; ‘ಎಕ್ಸಾಕ್ಟ್ಲಿ’ ಎಂದರಾಯಿತು.

ಒಪ್ಪದಿರುವುದಕ್ಕೆ ಬೇರೆಯೇ ನಡಿಗೆಯಿದೆ. ಸಂಭಾಷಣೆಗಳನ್ನು ಅಧ್ಯಯನ ಮಾಡಿದ ಅನಿತಾ ಪೊಮೆರಾಂಟ್ಸ್ ಅವರು 1984ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿರುವಂತೆ, ಸಾಮಾನ್ಯವಾಗಿ ಒಪ್ಪಿಗೆ ತಡವಿಲ್ಲದೆ ಬರುತ್ತದೆ, ಭಿನ್ನಾಭಿಪ್ರಾಯವಾದರೋ ತುಸು ಮೌನ, ಒಂದು ‘ವೆಲ್’, ಅರೆ ಒಪ್ಪಿಗೆ ಇವುಗಳ ಹಿಂದಿನಿಂದ ಬರುತ್ತದೆ. ‘ಯು ಆರ್ ರಾಂಗ್’ ಎಂಬುದು ಮಾತಿಗಿಂತ ಮಾತನಾಡಿದವರಿಗೇ ತಗಲುತ್ತದೆ. ಅದರ ಬದಲು ‘ಐ ಸೀ ಯುವರ್ ಪಾಯಿಂಟ್, ಬಟ್’ ಎಂದು ತೊಡಗಿ, ಕೂಡಲೇ ನಿಮ್ಮ ಕಾರಣವನ್ನು ಕೊಡಿ. ಕಾರಣವಿಲ್ಲದ ನಯದ ಮಾತಿನಿಂದ ಯಾರಿಗೂ ಪ್ರಯೋಜನವಿಲ್ಲ. ‘ಐ ಆಮ್ ನಾಟ್ ಶ್ಯೂರ್ ಅಬೌಟ್ ದಟ್’ ಎಂಬುದು ಪದಶಃ ಅನುಮಾನವಾದರೂ ಹಲವು ಸಲ ಮೃದುವಾದ ನಿರಾಕರಣೆಯೇ ಆಗಿರುತ್ತದೆ. ನಿಮಗೆ ಯಾರಾದರೂ ಹಾಗೆಂದರೆ, ಅರ್ಥವಾಗಿಲ್ಲವೆಂದು ತಿಳಿದು ಹೇಳಿದ್ದನ್ನೇ ಮತ್ತೆ ವಿವರಿಸಬೇಡಿ. ಅವರ ಆಕ್ಷೇಪವೇನೆಂದು ಕೇಳಿ. ‘ವಿತ್ ರೆಸ್ಪೆಕ್ಟ್’ ಎಂಬುದನ್ನು ಸದ್ಯಕ್ಕೆ ಬಿಟ್ಟುಬಿಡಿ, ಏಕೆಂದರೆ ಗೌರವದ ಹೆಸರು ಹೊತ್ತ ಆ ಮಾತು ಕೆಲವರ ಕಿವಿಗೆ ಖಾರವಾಗಿಯೇ ಕೇಳಿಸುತ್ತದೆ.

ಮುಂದಿನ ಸಭೆಯಲ್ಲಿ ಇಷ್ಟೆಲ್ಲ ಒಮ್ಮೆಗೇ ಬೇಕಿಲ್ಲ. ದಿನಾಂಕವೊಂದು ಸರಿಯೆನಿಸದಿದ್ದರೆ ‘ಕುಡ್ ವಿ ಲುಕ್ ಅಟ್ ದ ಡೇಟ್ ಅಗೇನ್?’ ಎಂದು ಕೇಳಿ, ಅವರು ನಿಮ್ಮತ್ತ ತಿರುಗಿದಾಗ ನಿಮ್ಮ ಲೆಕ್ಕವನ್ನು ಅವರ ಮುಂದಿಡಿ.