ಪ್ಯಾಕೆಟ್ ಟ್ರೇಸರ್ ಸಾಕೋ, ಎನ್‌ಎಸ್-3 ಬೇಕೋ?

ಪ್ರಶ್ನೆ: ನಮ್ಮ ಲ್ಯಾಬಿನ ಕಂಪ್ಯೂಟರುಗಳಲ್ಲಿ 4 ಜಿಬಿ ರ್‍ಯಾಮ್ ಇದೆ. ಸಿಸ್ಕೊ ಕಂಪನಿಯ ನೆಟ್‌ವರ್ಕಿಂಗ್ ಪರೀಕ್ಷೆ ಸಿಸಿಎನ್‌ಎಗೆ ಓದುವ ಹುಡುಗರಿಗೆ, ಪ್ಯಾಕೆಟ್ ಟ್ರೇಸರ್ ಬದಲು ನೆಟ್‌ವರ್ಕನ್ನು ಕಂಪ್ಯೂಟರಿನಲ್ಲೇ ಕಟ್ಟಿ ನೋಡುವ ಇನ್ನೊಂದು ತಂತ್ರಾಂಶ ಜಿಎನ್‌ಎಸ್3 ಹಾಕಿಸೋಣವೇ?
– ಲ್ಯಾಬ್ ಬೋಧಕರು, ಬಳ್ಳಾರಿ

ಉತ್ತರ: ಬೇಡ, ಪ್ಯಾಕೆಟ್ ಟ್ರೇಸರ್ ಧಾರಾಳ ಸಾಕು. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಖಾತೆ ತೆರೆದರೆ ಉಚಿತವಾಗಿ ಸಿಗುತ್ತದೆ. ಅದರ ಸಿಮ್ಯುಲೇಶನ್ ಮೋಡಿನಲ್ಲಿ ಪ್ಯಾಕೆಟ್ಟನ್ನು ಒಂದೊಂದೇ ಹೆಜ್ಜೆ ನಡೆಸಿ, ಯಾವ ಲೇಯರಿನಲ್ಲಿ ಏನು ಸೇರಿತೆಂದು ತೋರಿಸಬಹುದು. ಒಳಗಿರುವ ರೂಟರ್ ಮಾತ್ರ ನಿಜವಾದ ಐಒಎಸ್ (ಸಿಸ್ಕೊ ರೂಟರುಗಳ ಕಾರ್ಯಾಚರಣೆ ವ್ಯವಸ್ಥೆ) ಅಲ್ಲ, ಅದರ ಅನುಕರಣೆ. ಹಾಗಾಗಿ ಪುಸ್ತಕದಲ್ಲಿರುವ ಕೆಲವು ಕಮಾಂಡುಗಳನ್ನು ಅದು ಒಪ್ಪುವುದಿಲ್ಲ, ಹುಡುಗರನ್ನು ಬೈಯಬೇಡಿ. ಎಲ್ಲ ಕಂಪ್ಯೂಟರಿಗೂ ಒಂದೇ ಆವೃತ್ತಿ ಹಾಕಿಸಿ. ಹೊಸದರಲ್ಲಿ ಉಳಿಸಿದ ಫೈಲು ಹಳೆಯದರಲ್ಲಿ ತೆರೆಯದು.

ಜಿಎನ್‌ಎಸ್3 ಅಸಲಿ ಐಒಎಸ್ ಇಮೇಜನ್ನೇ ಓಡಿಸುತ್ತದೆ, ಆದರೆ ಇಮೇಜನ್ನು ಪರವಾನಗಿ ಸಹಿತ ನೀವೇ ತರಬೇಕು. ಐಡಲ್-ಪಿಸಿ ಮೌಲ್ಯ (ರೂಟರ್ ಯಾವಾಗ ಸುಮ್ಮನಿದೆ ಎಂದು ಜಿಎನ್‌ಎಸ್3ಗೆ ತಿಳಿಸುವ ಅಂಕಿ) ಕೊಡದಿದ್ದರೆ ಕೆಲಸವಿಲ್ಲದ ರೂಟರೂ ಪ್ರೊಸೆಸರಿನ ಒಂದು ಕೋರನ್ನು ಪೂರ್ತಿ ನುಂಗುತ್ತದೆ. ಬಳ್ಳಾರಿಯ ಏಪ್ರಿಲ್‌ನಲ್ಲಿ ಇದು ಫ್ಯಾನಿನ ಸದ್ದಿನಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ಎಡದಂಡೆ ನಾಲೆಯ ಭತ್ತದ ಗದ್ದೆಯಲ್ಲಿ 40 ಸೆನ್ಸರ್ ನೋಡುಗಳನ್ನು (ರೇಡಿಯೊ ಇರುವ ಪುಟ್ಟ ಸಾಧನಗಳನ್ನು) ಇಟ್ಟು ನೀರಿನ ಮಟ್ಟ ತಿಳಿಯುವುದು ನಮ್ಮ ಪ್ರಾಜೆಕ್ಟ್. ಸೀನಿಯರ್ ಒಬ್ಬರು ಮಿನಿನೆಟ್ ಬಳಸಿ ಎಂದರು. ಸರಿಯೇ?
– ವಿದ್ಯಾರ್ಥಿನಿ, ಗಂಗಾವತಿ

ಉತ್ತರ: ಮಿನಿನೆಟ್ ಇರುವುದು ಎಸ್‌ಡಿಎನ್ (ತಂತ್ರಾಂಶದಿಂದ ನೆಟ್‌ವರ್ಕನ್ನು ನಿಯಂತ್ರಿಸುವ ವಿಧಾನ) ಕಲಿಕೆಗೆ. ಲಿನಕ್ಸ್ ಕರ್ನಲ್ಲಿನ ಮೇಲೆ ಸ್ವಿಚ್, ಹೋಸ್ಟುಗಳನ್ನು ಕಟ್ಟುತ್ತದೆ. ರೇಡಿಯೊ ಸಿಗ್ನಲ್ಲಿನ ಲೆಕ್ಕ ಅದಕ್ಕಿಲ್ಲ. ಮುಂದೆ ಸಣ್ಣ ಸಾಧನಗಳ ಕಾರ್ಯಾಚರಣೆ ವ್ಯವಸ್ಥೆ ಕಾಂಟಿಕಿ-ಎನ್‌ಜಿಯ ಕೋಡನ್ನೇ ಬೋರ್ಡಿಗೆ ಹಾಕುವವರಿದ್ದರೆ ಅದರ ಸಿಮ್ಯುಲೇಟರ್ ಕೂಜಾ ಹಿಡಿಯಿರಿ. ನೋಡುಗಳ ಅಂತರ ಬದಲಾದಂತೆ ಎಷ್ಟು ಪ್ಯಾಕೆಟ್ ಕಳೆಯುತ್ತದೆ, ಎಷ್ಟು ತಡವಾಗುತ್ತದೆ ಎಂಬುದೇ ಪ್ರಶ್ನೆಯಾದರೆ ಎನ್‌ಎಸ್-3 ಸಿಮ್ಯುಲೇಟರ್. ಅದರಲ್ಲಿ ಕಡಿಮೆ ವಿದ್ಯುತ್ತಿನ ಸೆನ್ಸರ್ ರೇಡಿಯೊಗಳ ಮಾನಕ 802.15.4ರ ಮಾಡ್ಯೂಲ್ ಇದೆ.

ಎನ್‌ಎಸ್-3ರಲ್ಲಿ ಹೆಚ್ಚಿನವರು ಎಡವುವುದು ಸಿಗ್ನಲ್ ನಷ್ಟದ ಮಾದರಿಯಲ್ಲಿ. ಲಾಗ್-ಡಿಸ್ಟನ್ಸ್ ಮಾದರಿಯಲ್ಲಿ 1 ಮೀಟರಿನ ನಷ್ಟ ಮೊದಲೇ 46.6777 ಡೆಸಿಬೆಲ್ ಎಂದಿರುತ್ತದೆ. ಅದು 5 ಗಿಗಾಹರ್ಟ್ಸ್ ವೈಫೈಯ ಲೆಕ್ಕ, ನಿಮ್ಮ ನೋಡುಗಳು 2.4 ಗಿಗಾಹರ್ಟ್ಸಿನವಾದರೆ ಸುಮಾರು 40 ಸಾಕು. ಬದಲಿಸದಿದ್ದರೆ, ಘಾತಾಂಕ (ದೂರದೊಂದಿಗೆ ನಷ್ಟ ಎಷ್ಟು ಬೇಗ ಏರುತ್ತದೆ ಎಂಬ ಅಂಕಿ) 3 ಇರುವಾಗ, ನೋಡಿನ ವ್ಯಾಪ್ತಿ ಇರಬೇಕಾದುದರ ಶೇ. 60ಕ್ಕೆ ಕುಸಿಯುತ್ತದೆ. ಆ ಘಾತಾಂಕವನ್ನೂ ಊಹಿಸಬೇಡಿ. ಎರಡು ನೋಡು ತೆಗೆದುಕೊಂಡು ಗದ್ದೆಗೆ ಹೋಗಿ, 5, 10, 20, 40 ಮೀಟರಿನಲ್ಲಿ ಸಿಗ್ನಲ್ ಬಲ ಅಳೆದು ಕಂಡುಹಿಡಿಯಿರಿ. ನಾಟಿ ಮಾಡಿದಾಗಿನ ಅಂಕಿ ತೆನೆ ಬಂದಾಗ ನಡೆಯುವುದಿಲ್ಲ. ಪೈರು ಆಂಟೆನಾ ದಾಟಿ ಬೆಳೆದ ಮೇಲೆ ನಷ್ಟ ಏರುತ್ತದೆ.

ಎಲ್ಲ ನೋಡುಗಳೂ ಒಂದೇ ಸೆಕೆಂಡಿಗೆ ಕಳಿಸಲು ಶುರುಮಾಡಿದರೆ ಪ್ಯಾಕೆಟ್ಟುಗಳು ಡಿಕ್ಕಿಯಾಗಿ, ದೋಷ ಪ್ರೋಟೊಕಾಲಿನದೆಂದು ಕಾಣುತ್ತದೆ. ಶುರುವಿನ ಸಮಯವನ್ನು ಯಾದೃಚ್ಛಿಕವಾಗಿ ಹರಡಿ. ಇನ್ನೊಂದು: ಏನೂ ಬದಲಿಸದೆ ಮತ್ತೆ ಓಡಿಸಿದರೆ ಪ್ರತಿ ಸಲವೂ ಅದೇ ಉತ್ತರ ಬರುತ್ತದೆ. ಸೀಡ್ (ಯಾದೃಚ್ಛಿಕ ಸಂಖ್ಯೆಗಳು ಶುರುವಾಗುವ ಅಂಕಿ) ಹಾಗೇ ಇಟ್ಟು ರನ್ ಸಂಖ್ಯೆ ಬದಲಿಸುತ್ತ ಕನಿಷ್ಠ 10 ಸಲ ಓಡಿಸಿ, ಸರಾಸರಿಯ ಜೊತೆಗೆ ಏರಿಳಿತವನ್ನೂ ವರದಿಯಲ್ಲಿ ಕೊಡಿ.

ಪ್ರಶ್ನೆ: ಹಳೆಯ ಎನ್‌ಎಸ್-2 ಸಿಮ್ಯುಲೇಟರಿನ ಟಿಸಿಎಲ್ ಭಾಷೆಯ ಸ್ಕ್ರಿಪ್ಟುಗಳು ಎನ್‌ಎಸ್-3ರಲ್ಲಿ ನಡೆಯುತ್ತವೆಯೇ?
– ಓದುಗರು, ರಾಯಚೂರು

ಉತ್ತರ: ಇಲ್ಲ. ಹೆಸರು ಹತ್ತಿರದ್ದು, ಕೋಡು ಬೇರೆ. ಸಿ++ ಅಥವಾ ಪೈಥಾನಿನಲ್ಲಿ ಹೊಸದಾಗಿ ಬರೆಯಬೇಕು. ಲ್ಯಾಬ್ ಕೈಪಿಡಿಗಾಗಿ ಎನ್‌ಎಸ್-2 ಬೇಕೇಬೇಕೆಂದರೆ ವರ್ಚುವಲ್‌ಬಾಕ್ಸಿನಲ್ಲಿ ಹಳೆಯ ಉಬುಂಟು ಇಟ್ಟುಕೊಳ್ಳಿ. 2011ರ 2.35 ಆವೃತ್ತಿಯನ್ನು ಹೊಸ ಕಂಪೈಲರಿನಲ್ಲಿ ಕಟ್ಟಲು ಹೋದರೆ ದೋಷಗಳ ಸಾಲೇ ಬರುತ್ತದೆ.