108 ಸಲ ಬರೆದ್ರೂ ಬರದ ಸಂಪತ್ತು: ಒಂದು ಆಪ್ತಸಲಹೆ ಪ್ರಕರಣ

ನನ್ನ ಹತ್ರ ಸಲಹೆಗೆ ಬಂದವ್ರು ಶಿರಸಿ ಸೀಮೆಯ ಒಬ್ಬ ಅಡಿಕೆ ತೋಟಿಗರು, ವಯಸ್ಸು ಐವತ್ತು ದಾಟಿದೆ. ಗುರುತು ಸಿಗಬಾರದು ಅಂತ ವಿವರ ಒಂದಷ್ಟು ಬದಲಿಸಿದೀನಿ. ಮರಕ್ಕೆ ಎಲೆಚುಕ್ಕಿ ರೋಗ ಬಂದು ಫಸಲು ಬಿತ್ತು, ಮಳೆಗಾಲದಲ್ಲಿ ಮದ್ದು ಹೊಡೆಯೋಕೆ ಹೊತ್ತಿಗೆ ಸರಿಯಾಗಿ ಕೊನೆಗೌಡ (ಅಡಿಕೆ ಮರ ಹತ್ತೋ ಕೆಲಸದವ್ರು) ಸಿಗದೆ ಕಾಯಿಗೆ ಕೊಳೆರೋಗನೂ ಬಂತು, ಸೊಸೈಟಿ ಸಾಲ ಬೆಳೀತಾ ಹೋಯ್ತು. ಅಷ್ಟರಲ್ಲಿ ಯಾರೋ ವಿಡಿಯೋ ಕಳಿಸಿದ್ರಂತೆ, ಬೆಳಗಿನ ಜಾವ ಮೂರಕ್ಕೆ ಎದ್ದು 'ನಾನು ಪೂರ್ಣ, ಸಂಪತ್ತು ನನ್ನ ಕಡೆ ಹರಿದು ಬರ್ತಿದೆ' ಅಂತ 108 ಸಲ ಬರೀಬೇಕು, ಉಪನಿಷತ್ತೇ ಹೀಗೆ ಹೇಳಿದೆ ಅಂತ. ಇವ್ರು ಬರೆದ್ರು. ಮಗಳ ಹಳೇ ನೋಟ್‌ಬುಕ್ಕಲ್ಲಿ, ಹಿಂದೆ ಅವಳ ಗಣಿತ, ಮುಂದೆ ಇದು. ಕೊನೇ ಪುಟಗಳಲ್ಲಿ ಪೆನ್ನು ಒತ್ತಿ ಒತ್ತಿ ಹಾಳೆನೇ ಹರಿದಿತ್ತು.

"ನಂಗೆ ಶ್ರದ್ಧೆ ಸಾಲ್ತಿಲ್ಲ ಮೇಡಂ, ಅದ್ಕೇ ಬರ್ತಿಲ್ಲ" ಅಂದ್ರು. ಸಾಲಕ್ಕಿಂತ ಈ ಮಾತಿಗೇ ನಾನು ಹೆದರಿದ್ದು, ರೋಗ ಬಂದಿದ್ದು ಮರಕ್ಕೆ, ಇವ್ರು ತಪ್ಪು ಹುಡುಕ್ತಾ ಇದ್ದಿದ್ದು ತಮ್ಮ ಭಕ್ತೀಲಿ. ಸಾಯೋ ಯೋಚನೆ ಬರತ್ತಾ ಅಂತ ನೇರವಾಗೇ ಕೇಳಿದೆ. ಒಂದೆರಡು ಸಲ ಬಂದಿತ್ತಂತೆ. ಮನೋವೈದ್ಯರ ಹತ್ರ ಕಳಿಸಿದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಅವ್ರ ಮೊಬೈಲಲ್ಲೂ ಹೆಂಡ್ತಿ ಮೊಬೈಲಲ್ಲೂ ಸೇವ್ ಮಾಡ್ಸಿದೆ.

ಮಂತ್ರಪಾಠ ಆದವ್ರು, ಶಾಸ್ತ್ರ ಬಿಟ್ಟು ಮಾತಾಡಿದ್ರೆ ಕಿವಿಗೆ ಹಾಕ್ಕೊಳಲ್ಲ. ಛಾಂದೋಗ್ಯ ಉಪನಿಷತ್ತಿನ ಎಂಟನೇ ಅಧ್ಯಾಯ ತೆಗೆದ್ವಿ. ಹೂತಿಟ್ಟ ಚಿನ್ನದ ನಿಧಿ ಮೇಲೇ ಜನ ಓಡಾಡ್ತಾರೆ, ಜಾಗ ಗೊತ್ತಿಲ್ಲದೆ ಸಿಗಲ್ಲ, ಹಾಗೇ ಜೀವಿಗಳೆಲ್ಲ ದಿನಾ ಬ್ರಹ್ಮಲೋಕಕ್ಕೆ ಹೋಗಿ ಬಂದ್ರೂ ಅರಿಯಲ್ಲ ಅನ್ನೋ ಭಾಗ. ದಿನಾ ಹೋಗೋದು ಯಾವಾಗ ಅಂದೆ. ಅವ್ರೇ ಹೇಳಿದ್ರು, ಗಾಢ ನಿದ್ದೇಲಿ ಅಂತ. "ನೀವೆಷ್ಟು ತಾಸು ಮಲಗ್ತೀರಿ?" ಅಂದೆ. ಮೂರು ತಾಸಂತೆ. ನಕ್ಬಿಟ್ರು, ಬಂದಾಗಿಂದ ಮೊದಲನೇ ಸಲ.

ಸಲಹೆ ಇಷ್ಟೇ. ಮೂರಕ್ಕೆ ಏಳೋದು ಬಂದ್, ನೋಟ್‌ಬುಕ್ಕೂ ಬಂದ್. ಸಂಜೆ ಜಗಲೀಲಿ ಹತ್ತು ನಿಮಿಷ ಏನೂ ಕೇಳ್ದೇ ಕೂರೋದು, ಭಯ ಎದೇಲಿ ಬರತ್ತೋ ಹೊಟ್ಟೇಲಿ ಬರತ್ತೋ ಸುಮ್ನೆ ನೋಡೋದು, ಓಡಿಸೋಕೆ ಹೋಗಬಾರದು. ಎದುರು ತೋಟದವ್ರ ಹೊಸ ಕಾರ್ ತಲೇಲಿ ಸುತ್ತಿದ್ರೆ ಈಶಾವಾಸ್ಯ ಉಪನಿಷತ್ತಿನ ಮೊದಲ ಮಂತ್ರದ 'ಮಾ ಗೃಧಃ', ಅಂದ್ರೆ ಆಸೆಬುರುಕನಾಗಬೇಡ ಅನ್ನೋ ಮಾತು ನೆನೆಸ್ಕೊಳಿ ಅಂದೆ. ಇನ್ನು ಸಾಲಕ್ಕೆ ಧ್ಯಾನ ಮದ್ದಲ್ಲ, ಅದನ್ನ ಎರಡೆರಡು ಸಲ ಹೇಳ್ಬೇಕಾಯ್ತು: ನೋಟೀಸ್, ಪಾಸ್‌ಬುಕ್ ತಗೊಂಡು ಸೊಸೈಟಿಗೆ ಹೋಗಿ ಕಂತು ಮುಂದೂಡೋಕೆ ಅರ್ಜಿ ಕೊಡಿ, ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟಿದ್ರೆ ಕ್ಲೇಮ್ ಏನಾಯ್ತು ವಿಚಾರಿಸಿ. ಕಟ್ಟಿದ್ದು ಅವ್ರಿಗೆ ನೆನಪೇ ಇರ್ಲಿಲ್ಲ, ರಸೀದಿ ಹೆಂಡ್ತಿ ಹತ್ರ ಇತ್ತು.

ಈಗ ಆರು ತಾಸು ಮಲಗ್ತಾರೆ. ಸೊಸೈಟಿ ಅರ್ಜಿ ತಗೊಂಡಿದೆ, ಉತ್ತರ ಬಂದಿಲ್ಲ. ಮುಂದಿನ ಸಲ ಹೆಂಡ್ತಿನೂ ಬರ್ತಾರೆ, ಗಂಡ ತನ್ನನ್ನ ಕೇಳ್ದೇ ಬಳೆ ಅಡವಿಟ್ಟಿದ್ದರ ಬಗ್ಗೆ ಅವ್ರಿಗೆ ಮಾತಾಡೋದಿದೆ.